ಒದ್ದೆ ಬಟ್ಟೆ ಸೂರತ್‌ನಲ್ಲಿ ಸೋತದ್ದು

ರೈಲಿನಲ್ಲಿ

ಬೆಂಗಳೂರಿನಿಂದ ಅಹ್ಮದಾಬಾದಿಗೆ ಹೋಗುವ ರೈಲು ಸೂರತ್ ದಾಟಿಕೊಂಡೇ ಹೋಗುತ್ತದೆ. ನನಗೆ ಕೆಲಸವಿದ್ದದ್ದು ಸೂರತ್‌ನಲ್ಲಿ. ಟಿಕೆಟ್ ತೆಗೆಸಿದ್ದು ಮಾತ್ರ ಅಹ್ಮದಾಬಾದಿಗೆ. ಉಧ್ನಾದ ಬಟ್ಟೆ ಕಾರ್ಖಾನೆಗಳ ಗೋಡೆಗಳು ಕಿಟಕಿಯಾಚೆ ಸರಿದವು, ಸೂರತ್ ಸ್ಟೇಷನ್ ಬಂತು, ರೈಲು ನಿಂತಿತು, ಎದುರು ಸೀಟಿನವರು ಇಳಿದು ನೀರು ತುಂಬಿಸಿಕೊಂಡು ಬಂದರು. ನಾನು ಗಾಜಿನ ಭರಣಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದೆ. ರೈಲು ಹೊರಟಿತು.

ಭರಣಿಯಲ್ಲಿದ್ದದ್ದು ಕೊಂಬುಚಾ. ಗೊತ್ತಿಲ್ಲದವರಿಗಾಗಿ ಎರಡು ಮಾತು. ಸಕ್ಕರೆ ಹಾಕಿದ ಚಹಾದ ಡಿಕಾಕ್ಷನ್ ಆರಿಸಿ, ಅದರಲ್ಲಿ ನೀರುದೋಸೆಯಂಥ ಒಂದು ಲೋಳೆ ಪದರವನ್ನೂ ಹಳೆಯ ಹುಳಿ ನೀರು ಸ್ವಲ್ಪವನ್ನೂ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಇಟ್ಟರೆ ಹುದುಗುತ್ತದೆ. ಹುಳಿಸಿಹಿಯಾಗಿ, ನಾಲಿಗೆಗೆ ಚುರುಗುಟ್ಟುವ ಪಾನೀಯವಾಗುತ್ತದೆ. ಆ ಪದರಕ್ಕೆ ತಾಯಿ ಎನ್ನುತ್ತಾರೆ. ತಾಯಿಗೆ ಸೆಖೆ ಆಗದು. ಇಪ್ಪತ್ತೈದು, ಇಪ್ಪತ್ತಾರು ಡಿಗ್ರಿ ಇದ್ದರೆ ಸುಖ. ಮೂವತ್ತು ದಾಟಿದರೆ ಮುನಿಸು, ಇನ್ನೂ ಮೇಲೆ ಹೋದರೆ ಕೊಳೆತ.

ಸೆಖೆಯ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವಿತ್ತು. ಮೂವತ್ತು ವರ್ಷ ರಾಮನಗರದ ಸುತ್ತಮುತ್ತ ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕಿಯಾಗಿ, ರೈತರಿಗೆ ಹುಳು ಸಾಕುವುದನ್ನು ತೋರಿಸಿಕೊಡುತ್ತಿದ್ದವಳು ನಾನು. ಬೇಸಿಗೆಯಲ್ಲಿ ಹುಳು ಸಾಕುವ ಮನೆಯ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ ಎಂದು ಎಷ್ಟು ರೈತರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನಿವೃತ್ತಿಯಾದ ಮೇಲೆ ಯೋಗ ತರಗತಿಯ ಗೆಳತಿಯೊಬ್ಬಳು ಕೊಂಬುಚಾದ ತಾಯಿಯನ್ನು ಕೊಟ್ಟಾಗ ಅದೇ ವಿದ್ಯೆಯನ್ನು ಅದಕ್ಕೂ ಹಚ್ಚಿದೆ. ಅದರ ಒಂದು ತುಂಡನ್ನು ಅಹ್ಮದಾಬಾದಿನಲ್ಲಿರುವ ನನ್ನ ತಮ್ಮ ಗುರುಪ್ರಸಾದನ ಮಗಳು ಕೇತಕಿಗೆ, ಅವಳ ಮದುವೆಗೆ ಮುಂಚೆ, ಕೊಟ್ಟಿದ್ದೆ. ಸೆಖೆಯಾದರೆ ಒದ್ದೆ ಬಟ್ಟೆ ಸುತ್ತು ಎಂದೂ ಹೇಳಿಕೊಟ್ಟಿದ್ದೆ.

ಆ ಕೇತಕಿ ಮದುವೆಯಾಗಿ ಸೂರತ್ ಸೇರಿ ಮೂರು ವರ್ಷ. ಮದುವೆಗೆ ನಾನು ಹೋಗಲಿಲ್ಲ, ಮಂಡಿ ನೋವು ಎಂದು ಹೇಳಿ ಕಳಿಸಿದೆ. ಆಮೇಲೆ ಹಬ್ಬಕ್ಕೊಂದು ಹೂವಿನ ಚಿತ್ರ ಅವಳಿಂದ ನನಗೆ, ನನ್ನಿಂದ ಅವಳಿಗೆ. ಅಷ್ಟೇ. ಈ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಒಂದು ಫೋಟೋ ಬಂತು. ಭರಣಿಯ ತಳದಲ್ಲಿ ಕಂದುಗಟ್ಟಿ ಮುದುಡಿದ ತಾಯಿ, ಕೆಳಗೆ ಒಂದೇ ಸಾಲು: ಅತ್ತೆ, ಇದು ಸತ್ತುಹೋಯ್ತಾ?

ಉತ್ತರ ಬರೆಯಲು ಕೂತೆ, ಬರೆಯಲಾಗಲಿಲ್ಲ. ಟಿಕೆಟ್ ತೆಗೆಸಿದೆ. ಸೂರತ್‌ಗೆ ನೇರವಾಗಿ ಹೋಗುವ ಧೈರ್ಯ ಮಾತ್ರ ಬರಲಿಲ್ಲ, ಮೊದಲು ತಮ್ಮನ ಮನೆ ಎಂದು ನನಗೆ ನಾನೇ ಹೇಳಿಕೊಂಡೆ.

ಚಾಂದ್‌ಖೇಡಾ, ಅಹ್ಮದಾಬಾದ್

ಗುರು ತೈಲ ಕಂಪನಿಯ ಎಂಜಿನಿಯರ್. ಕಚೇರಿಯ ವಸತಿಗೃಹದಲ್ಲೇ ಮನೆ. ಸ್ಟೇಷನ್ನಿಗೆ ಬಂದವನು ನನ್ನ ಕೈಯಿಂದ ಚೀಲ ತೆಗೆದುಕೊಂಡ, ಭರಣಿ ನೋಡಿ ಹಿಂದೆ ಸರಿದ.

“ಅಕ್ಕ, ಇದೇನಂತ ಯಾರಾದ್ರೂ ಕೇಳಿದ್ರೆ ಉಪ್ಪಿನಕಾಯಿ ಅನ್ನು. ಹುದುಗು, ಕಳ್ಳು, ಅವೆಲ್ಲ ಬಾಯಿಗೆ ಬರಬಾರ್ದು. ಇದು ಗುಜರಾತು, ಇಲ್ಲಿ ಮದ್ಯ ನಿಷೇಧ.”

ಇದರಲ್ಲಿ ಕಳ್ಳಿನ ವಿಷಯವೇ ಇಲ್ಲ, ತಂಪಾಗಿಟ್ಟರೆ ಇದು ಬರೀ ಹುಳಿ ಚಹಾ ಎಂದು ದಾರಿಯುದ್ದಕ್ಕೂ ಹೇಳಿದೆ. ತಂಪಾಗಿಡದಿದ್ದರೆ ಎಂದು ಅವನು ಕೇಳಿದ. ಅದಕ್ಕೇ ತಾನೇ ನಾನು ಬಂದಿರುವುದು ಎಂದೆ.

ಆ ಊರಿನ ಮೇ ತಿಂಗಳ ಬಿಸಿಲನ್ನು ಹೇಗೆ ಹೇಳಲಿ? ನಮ್ಮ ಕಡೆ ಬಿಸಿಲೆಂದರೆ ಬೆವರು. ಅಲ್ಲಿ ಬೆವರೇ ಕಾಣುವುದಿಲ್ಲ, ಬರುವ ಮುಂಚೆಯೇ ಗಾಳಿ ಅದನ್ನು ಒರೆಸಿಕೊಂಡು ಹೋಗಿರುತ್ತದೆ. ಒಗೆದ ಸೀರೆ ತಂತಿಯ ಮೇಲೆ ಹರವಿ, ಕ್ಲಿಪ್ ತರಲು ಒಳಗೆ ಹೋಗಿ ಬರುವುದರೊಳಗೆ ಸೆರಗು ಒಣಗಿತ್ತು. ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಇಲ್ಲ. ಮನೆಮನೆಯ ಮುಂದೆ ಮಣ್ಣಿನ ಮಡಕೆ, ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ಲೋಟ. ಯಾರು ಬೇಕಾದರೂ ಕುಡಿಯಬಹುದು, ಕೇಳಬೇಕಾಗಿಲ್ಲ. ನನಗೆ ಬಹಳ ಇಷ್ಟವಾದ ಪದ್ಧತಿ.

ನನ್ನ ಚೀಲದಲ್ಲಿ ಇಲಾಖೆಯ ಕಾಲದ ಒಂದು ಹಲಗೆ ಇತ್ತು. ಅದರಲ್ಲಿ ಜೋಡಿ ಉಷ್ಣಮಾಪಕ, ಒಂದು ಮಾಮೂಲು, ಇನ್ನೊಂದರ ಬುಡಕ್ಕೆ ಒದ್ದೆ ಬತ್ತಿ. ಗಾಳಿ ಎಷ್ಟು ಒಣಗಿದ್ದರೆ ಒದ್ದೆಯದು ಅಷ್ಟು ಕೆಳಗಿಳಿಯುತ್ತದೆ. ಗುರುವಿನ ವರಾಂಡದಲ್ಲಿ ತೂಗುಹಾಕಿದೆ. ಒಣದು ಮೂವತ್ತೇಳು, ಒದ್ದೆಯದು ಇಪ್ಪತ್ತಮೂರು. ಹದಿನಾಲ್ಕು ಡಿಗ್ರಿ ಅಂತರ! ರಾಮನಗರದಲ್ಲಿ ಇಂಥದ್ದನ್ನು ನಾನು ಕಂಡೇ ಇರಲಿಲ್ಲ.

ಹೊಸ ಡಿಕಾಕ್ಷನ್ ಮಾಡಿ ದೊಡ್ಡ ಭರಣಿಗೆ ಹಾಕಿ, ಮೈಗೆ ಹಳೆಯ ಪಂಚೆ ಸುತ್ತಿ, ನೀರು ತುಂಬಿದ ಮಣ್ಣಿನ ತಟ್ಟೆಯಲ್ಲಿ ನಿಲ್ಲಿಸಿದೆ. ಪಂಚೆ ತಾನೇ ನೀರು ಹೀರಿಕೊಂಡು ಒದ್ದೆಯಾಗಿ ಉಳಿಯಿತು. ಹೊರಗೆ ಕುಲುಮೆ, ಭರಣಿಯೊಳಗೆ ಇಪ್ಪತ್ತಾರು. ಗುರುವಿನ ಹೆಂಡತಿ ಮಂಗಳಾ, ಕೇತಕಿ ಇದ್ದಾಗಲೂ ಅದನ್ನು ಅಡುಗೆಮನೆಗೆ ಬಿಟ್ಟವಳಲ್ಲ, ಈಗಲೂ ಬಿಡುವುದಿಲ್ಲ ಎಂದಿದ್ದಳು. ಮೂರನೆಯ ದಿನಕ್ಕೆ ಮೊಸರಿನ ಪಾತ್ರೆಗೂ ಒದ್ದೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟಳು. ಒಂದು ವಾರಕ್ಕೆ ಹದವಾದ ಕೊಂಬುಚಾ ಸಿದ್ಧವಾಯಿತು. ನಾನು ಉಬ್ಬಿಹೋದೆ.

ನನಗಿಂತ ಹೆಚ್ಚು ಉಬ್ಬಿದವನು ಗುರು. ಒಂದು ಬಾಟಲಿಗೆ ಕೇಸರ್ ಮಾವಿನ ಹಣ್ಣಿನ ರಸ ಬೆರೆಸಿ, ಬಿಗಿಯಾಗಿ ಮುಚ್ಚಳ ತಿರುಗಿಸಿ, ಟ್ರಂಕಿನ ಮೇಲಿಟ್ಟ. ಫ್ರಿಜ್ಜಿನಲ್ಲಿಡು ಎಂದು ನಾನು ಹೇಳಿದ್ದೆ. ಇಟ್ಟಿದ್ದೇನೆ ಎಂದುಕೊಂಡಿದ್ದನಂತೆ. ಎರಡು ದಿನ ಅದು ಅಲ್ಲೇ ಕೂತಿತ್ತು.

ಮಂಗಳಾ ಮೇ ತಿಂಗಳಲ್ಲಿ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಸೂರತ್‌ಗೆ ಹೊರಟವರು ನಾನು ಮತ್ತು ಗುರು. ಮಗಳ ಬಗ್ಗೆ ಅವನೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ವಡೋದರಾ

ದಾರಿಯಲ್ಲಿ ಒಂದು ರಾತ್ರಿ ವಡೋದರಾದಲ್ಲಿ ಇಳಿಯಲೇಬೇಕೆಂದು ಗುರುವಿನ ಸ್ನೇಹಿತ ಪ್ರಹ್ಲಾದರ ಒತ್ತಾಯ. ಬ್ಯಾಂಕಿನ ಅಧಿಕಾರಿ, ತುಮಕೂರಿನ ಕಡೆಯವರು, ಇದು ಅವರ ಆರನೆಯ ವರ್ಗಾವಣೆ. ಮನೆಯ ಅರ್ಧ ಸಾಮಾನು ಇನ್ನೂ ರಟ್ಟಿನ ಪೆಟ್ಟಿಗೆಗಳಲ್ಲೇ ಇತ್ತು. ಬಿಚ್ಚಿದರೆ ಮತ್ತೆ ಕಟ್ಟಬೇಕಲ್ಲ ಎಂದರು ಅವರ ಹೆಂಡತಿ ವಸುಧಾ. ಅಂಥ ಮನೆಯಲ್ಲಿ ಆ ವಾರವಷ್ಟೇ ಸುಣ್ಣಬಣ್ಣ ಆಗಿತ್ತು. ಗೋಡೆಗಳು ಅಚ್ಚ ಬಿಳಿ.

ಸಂಜೆ ತಿಂಡಿಗೆ ವಸುಧಾ ಅಕ್ಕಿರೊಟ್ಟಿ ಮಾಡಿದರು. ಗುರು ಚೀಲದಿಂದ ಮಾವಿನ ಬಾಟಲಿ ತೆಗೆದು ಮೇಜಿನ ನಡುವೆ ಇಟ್ಟ. ಬಾಟಲಿಯ ಭುಜದವರೆಗೂ ನೊರೆ ಕಟ್ಟಿತ್ತು. ಇದು ಫ್ರಿಜ್ಜಿನಿಂದ ಬಂದದ್ದಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಬೇಡ ಎನ್ನುವಷ್ಟರಲ್ಲಿ ಅವನು ಮುಚ್ಚಳ ತಿರುಗಿಸಿಬಿಟ್ಟ.

ಅದು ಚಿಮ್ಮಿತು ಎಂದರೆ ಸಾಲದು. ನೇರವಾಗಿ ಮೇಲೇರಿ, ತಿರುಗುತ್ತಿದ್ದ ಫ್ಯಾನಿನ ರೆಕ್ಕೆಗೆ ಬಡಿಯಿತು. ಫ್ಯಾನು ಅದನ್ನು ನಾಲ್ಕೂ ಗೋಡೆಗೆ, ಭೇದಭಾವವಿಲ್ಲದೆ ಹಂಚಿತು. ಪ್ರಹ್ಲಾದರ ಕನ್ನಡಕ ಹಳದಿಯಾಯಿತು. ಅಕ್ಕಿರೊಟ್ಟಿಯ ಮೇಲೆ ಮಾವು ಹನಿಹನಿಯಾಗಿ ಬಿತ್ತು. ಫ್ಯಾನು ತಿರುಗುತ್ತಲೇ ಇತ್ತು.

ಪ್ರಹ್ಲಾದರು ಕನ್ನಡಕ ತೆಗೆದು, ಕೈ ಮೂಸಿ ನೋಡಿಕೊಂಡರು. ದನಿ ತಗ್ಗಿಸಿ, “ಗುರು, ಪಕ್ಕದ ಮನೆಯೋರಿಗೆ ವಾಸನೆ ಹೋಗಿದ್ರೆ ನಾನು ಏನಪ್ಪಾ ಹೇಳ್ಲಿ?” ಎಂದರು.

ವಸುಧಾ ಮೊದಲು ಕಿಟಕಿ ಮುಚ್ಚಿದರು. ಆಮೇಲೆ ನೆಲದ ಮೇಲೆ ಕೂತುಬಿಟ್ಟರು. ಅಳುತ್ತಿದ್ದಾರೇನೋ ಎಂದು ಗಾಬರಿಯಾಗಿ ಬಗ್ಗಿ ನೋಡಿದರೆ, ನಗು. ತಡೆಯಲಾಗದ, ಉಸಿರು ಕಟ್ಟುವ ನಗು. ಆರು ಊರು ತಿರುಗಿದ್ದೇನೆ, ಇಂಥ ನೆಂಟರು ಯಾವ ಊರಿನಲ್ಲೂ ಬಂದಿರಲಿಲ್ಲ ಎಂದರು. ನಾವು ನಾಲ್ವರೂ ಬಟ್ಟೆ ಹಿಡಿದು ಗೋಡೆ ಒರೆಸಿದೆವು. ಬಿಳಿ ಗೋಡೆ ತಿಳಿಹಳದಿಯಾಗಿ ಉಳಿಯಿತು.

ಬೆಳಗ್ಗೆ ಹೊರಡುವಾಗ ವಸುಧಾ ತಾಯಿಯ ಒಂದು ತುಂಡು ಕೇಳಿದರು. ಪ್ರಹ್ಲಾದರು ಕಣ್ಣು ಮುಚ್ಚಿಕೊಂಡರು. ಕತ್ತರಿಸಿ, ಹುಳಿ ನೀರಿನ ಜೊತೆ ಕೊಟ್ಟು ಹೊರಟೆವು.

ಅಡಾಜಣ್, ಸೂರತ್

ಕೇತಕಿ ಬಾಗಿಲು ತೆಗೆದಳು. “ಬನ್ನಿ ಅತ್ತೆ,” ಎಂದು ಕಾಲಿಗೆ ನಮಸ್ಕಾರ ಮಾಡಿದಳು. ಮೊದಲೆಲ್ಲ ಓಡಿಬಂದು ಕುತ್ತಿಗೆಗೆ ಜೋತು ಬೀಳುತ್ತಿದ್ದ ಹುಡುಗಿ. ನಮಸ್ಕಾರ ಬಹಳ ಅಚ್ಚುಕಟ್ಟಾಗಿತ್ತು.

ತಾಪಿ ನದಿಯ ಈಚೆ ದಡದಲ್ಲಿ ಐದನೆಯ ಮಹಡಿಯ ಮನೆ. ಕೇತಕಿಯ ಗಂಡ ಚಿಂತನ್ ಉಧ್ನಾದಲ್ಲಿ ಸೀರೆಗಳಿಗೆ ಯಂತ್ರದ ಕಸೂತಿ ಹಾಕುವ ಘಟಕವೊಂದರಲ್ಲಿ ಮೇಲ್ವಿಚಾರಕ. ಅವನ ತಾಯಿ ಇಂದುಬೆನ್ ಇವರ ಜೊತೆಗೇ ಇದ್ದಾರೆ. ಚಿಂತನ್ ನನ್ನನ್ನು ಫೋಯಿ ಎಂದು ಕರೆದ. ಗುಜರಾತಿಯಲ್ಲಿ ಸೋದರತ್ತೆಗೆ ಹಾಗೆನ್ನುತ್ತಾರೆ. ಅವನ ಮುಖವನ್ನು ನಾನು ಅಂದೇ ಮೊದಲು ನೋಡಿದ್ದು. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಇಂದುಬೆನ್ ನನ್ನನ್ನು ಕೂರಿಸಿ, ನೀರು ಕೊಟ್ಟು, ಹಿಂದಿಯಲ್ಲಿ ನೆಟ್ಟಗೆ ಕೇಳಿದರು, ಮಂಡಿ ಈಗ ಹೇಗಿದೆ ಎಂದು. ವಾಸಿಯಾಗಿದೆ ಎಂದೆ. ಗುರು ಮರುದಿನವೇ ಅಹ್ಮದಾಬಾದಿಗೆ ವಾಪಸು ಹೊರಟ. ಓಡಿಹೋದ ಎಂದರೂ ಸರಿಯೇ.

ನಾನು ಕೆಲಸ ಶುರುಮಾಡಿದೆ. ಹೊಸ ಡಿಕಾಕ್ಷನ್, ಭರಣಿ, ಮಣ್ಣಿನ ತಟ್ಟೆ, ಒದ್ದೆ ಪಂಚೆ. ಕೇತಕಿ ಪಕ್ಕದಲ್ಲಿ ನಿಂತು ನೋಡಿದಳು, ಏನೂ ಹೇಳಲಿಲ್ಲ. ಮರುದಿನ ಭರಣಿಯೊಳಗೆ ಮೂವತ್ತೊಂದು. ಪಂಚೆ ಸಾಲದು ಎಂದು ಟವೆಲ್ ಸುತ್ತಿದೆ. ಮೂವತ್ತೊಂದು. ಟೇಬಲ್ ಫ್ಯಾನ್ ಇಟ್ಟೆ. ಮೂವತ್ತೊಂದು. ಟವೆಲ್ ಒಣಗಲೇ ಇಲ್ಲ, ಬದಲಿಗೆ ಮುಗ್ಗಲು ವಾಸನೆ ಹಿಡಿಯಿತು. ನನ್ನ ಸೀರೆಯೂ ಬಾಲ್ಕನಿಯಲ್ಲಿ ಇಡೀ ದಿನ ತೊಟ್ಟಿಕ್ಕುತ್ತಾ ನಿಂತಿತ್ತು. ಅದನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ. ಜೋಡಿ ಉಷ್ಣಮಾಪಕವನ್ನು ಚೀಲದಿಂದ ತೆಗೆಯಲೇ ಇಲ್ಲ. ಗೊತ್ತಿರುವುದನ್ನು ಅಳೆದು ನೋಡುವುದೇಕೆ ಎಂಬ ಜಂಬ.

ನಾಲ್ಕನೆಯ ದಿನ ಬೆಳಗ್ಗೆ ತಾಯಿಯ ಮೇಲೆ ಹಸಿರು ಮಿಶ್ರಿತ ಬಿಳಿ ಬೂಷ್ಟು ಕಂಡಿತು. ಒಂದು ಚುಕ್ಕೆ ಬಂದರೂ ಇಡೀ ಭರಣಿ ಚೆಲ್ಲಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ರಾಮನಗರದಿಂದ ತೊಡೆಯ ಮೇಲಿಟ್ಟುಕೊಂಡು ತಂದ ತಾಯಿಯನ್ನು ಸಿಂಕಿನ ಮುಂದೆ ಹಿಡಿದು ನಿಂತೆ. ಆಗ ಹಲಗೆ ತೆಗೆದು ಗೋಡೆಗೆ ತೂಗುಹಾಕಿದೆ. ಒಣದು ಮೂವತ್ತಮೂರು, ಒದ್ದೆಯದು ಇಪ್ಪತ್ತೊಂಬತ್ತು. ಸಮುದ್ರದ ಕಡೆಯಿಂದ ಬರುವ ಗಾಳಿ ಮೊದಲೇ ನೀರು ಕುಡಿದು ಬಂದಿರುತ್ತದೆ. ಅದು ನನ್ನ ಟವೆಲ್ಲಿನ ನೀರನ್ನು ಯಾಕೆ ಕುಡಿದೀತು? ನಮ್ಮ ರೈತರಿಗೆ ಇದನ್ನೇ ಮಳೆಗಾಲದಲ್ಲಿ ಹೇಳುತ್ತಿದ್ದೆ. ಗೋಣಿತಾಟು ಬಿಚ್ಚಿಬಿಡಿ, ಈಗ ಅದರಿಂದ ಕೆಡುಕೇ ಹೆಚ್ಚು ಎಂದು.

ಕೇತಕಿ ಬಾಗಿಲ ಬಳಿ ನಿಂತಿದ್ದಳು.

“ಅತ್ತೆ, ನಾನೂ ಸೇಮ್ ಮಾಡಿದ್ದೆ,” ಎಂದಳು. “ಒದ್ದೆ ಬಟ್ಟೆ. ನೀವು ಹೇಳ್ಕೊಟ್ಟಿದ್ದು. ಚಾಂದ್‌ಖೇಡಾದಲ್ಲಿ ವರ್ಕ್ ಆಯ್ತು. ಇಲ್ಲಿ ಎರಡು ಸಮ್ಮರ್ ಹೇಗೋ ಬಚಾವ್ ಆಯ್ತು, ಈ ಸಲ ಹೋಯ್ತು.”

“ಮತ್ತೆ ಮೂರು ದಿನದಿಂದ ಯಾಕೆ ಸುಮ್ಮನಿದ್ದೆ?”

“ನಿಮ್ಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ.”

ನಾನು ಭರಣಿಯನ್ನು ಸಿಂಕಿಗೆ ಬಗ್ಗಿಸಿದೆ. ಅವಳ ತಾಯಿಯನ್ನು ಕೊಂದದ್ದು ನಾನೇ ಹೇಳಿಕೊಟ್ಟ ಬುದ್ಧಿ. ನನ್ನದನ್ನೂ ಅದೇ ಕೊಂದಿತು. ತಪ್ಪಾಯ್ತು ಕಣೇ ಎಂದೆ. ಅಷ್ಟು ಸುಲಭವಾಗಿ ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಅವಳಿಗಿಂತ ನನಗೇ ಆಶ್ಚರ್ಯವಾಯಿತು.

ಪಾಪಡಿಯ ದಿನಗಳು

ಮಾರನೆಯ ದಿನ ಭಾನುವಾರ. ಕತ್ತಲಿರುವಾಗಲೇ ಎದ್ದು ಚಿಂತನ್ ಎಲ್ಲಿಗೋ ಹೊರಟುಹೋಗಿದ್ದ. ಮಧ್ಯಾಹ್ನ ಬಾಗಿಲು ಬಡಿದ. ಎರಡೂ ಕೈಯಲ್ಲಿ ಒಂದು ಬಾಟಲಿ, ಹೆಗಲಿಗೆ ತಿಂಡಿಯ ಡಬ್ಬಿ. ಹೊಸ್ತಿಲಲ್ಲೇ ನಿಂತು ಗಂಭೀರವಾಗಿ, “ನಿಧಾನ, ನಿಧಾನ,” ಎಂದ. ಅಚ್ಚ ಕನ್ನಡದಲ್ಲಿ.

ಕೇತಕಿ ಅವನಿಗೆ ವಡೋದರಾದ ವಿಷಯ ಹೇಳಿದ್ದಳು. ಅವನು ಬೆಳಗಿನ ರೈಲು ಹಿಡಿದು ವಸುಧಾರ ಮನೆಗೆ ಹೋಗಿ, ನಾನು ಅಲ್ಲಿ ಬಿಟ್ಟಿದ್ದ ತಾಯಿಯ ಅರ್ಧವನ್ನು ತಂದಿದ್ದ. ಬಾಟಲಿ ಕೈಗಿಡುವಾಗ ವಸುಧಾ ಹೇಳಿದ ಆ ಒಂದು ಪದವನ್ನು ಮರೆಯಬಾರದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನಂತೆ. ಮೂರು ವರ್ಷ ಮುಖ ನೋಡಲು ಬಾರದಿದ್ದ ನನಗಾಗಿ ಈ ಹುಡುಗ ರಜೆಯ ದಿನವನ್ನು ರೈಲಿನಲ್ಲಿ ಕಳೆದಿದ್ದ. ನಾನು ಬಾಟಲಿ ತೆಗೆದುಕೊಂಡೆ. ಥ್ಯಾಂಕ್ಸ್ ಎಂದೆ. ಸಾಲದು ಎನಿಸಿತು, ಊಟಕ್ಕೆ ನಾನೇ ಬಡಿಸಿದೆ.

ಈ ಸಲ ಒದ್ದೆ ಬಟ್ಟೆಯಿಲ್ಲ. ಕೇತಕಿಯ ಸಲಹೆಯಂತೆ ದೊಡ್ಡ ಟಬ್ಬಿನಲ್ಲಿ ನೀರು ತುಂಬಿಸಿ, ಭರಣಿಯನ್ನು ಕುತ್ತಿಗೆಯವರೆಗೆ ಅದರಲ್ಲಿ ನಿಲ್ಲಿಸಿದೆವು. ಬೆಳಗ್ಗೆ, ಸಂಜೆ ಹೆಪ್ಪುಗಟ್ಟಿದ ನೀರಿನ ಬಾಟಲಿಗಳನ್ನು ಟಬ್ಬಿಗೆ ಹಾಕುವುದು, ಕರಗಿದವನ್ನು ಮತ್ತೆ ಫ್ರೀಜರಿಗಿಡುವುದು. ಆದರೆ ಫ್ರೀಜರಿನಲ್ಲಿ ಜಾಗವೆಲ್ಲಿ? ಅಲ್ಲಿ ಇಂದುಬೆನ್ ಚಳಿಗಾಲದಲ್ಲಿ ಬಿಡಿಸಿ ತುಂಬಿದ್ದ ಪಾಪಡಿ ಇತ್ತು. ನಮ್ಮ ಅವರೆಕಾಯಿಯ ಅಕ್ಕನೋ ತಂಗಿಯೋ ಆಗಬೇಕಾದ ಕಾಯಿ ಅದು. ಸೂರತ್‌ನವರಿಗೆ ಅದರ ಮೇಲೆ, ನಮಗೆ ಸೊಗಡವರೆಯ ಮೇಲಿರುವಷ್ಟೇ ವ್ಯಾಮೋಹ. ಮುಂದಿನ ಚಳಿಗಾಲದವರೆಗೆ ಬರಬೇಕಾದ ದಾಸ್ತಾನು.

ಇಂದುಬೆನ್ ಟಬ್ಬನ್ನು ನೋಡಿದರು, ಫ್ರೀಜರ್ ನೋಡಿದರು, ನನ್ನನ್ನು ನೋಡಿದರು. ಒಂದೊಂದಾಗಿ ಪೊಟ್ಟಣಗಳನ್ನು ಹೊರಗೆ ತೆಗೆದು ಮೇಜಿನ ಮೇಲೆ ಪೇರಿಸಿದರು. ಆ ವಾರವೆಲ್ಲ ಎರಡು ಹೊತ್ತೂ ಪಾಪಡಿಯೇ. ಒಂದು ದಿನ ನಾನು ಅದರಲ್ಲಿ ಹುಳಿ ಮಾಡಿದೆ, ಸಾರಿನಪುಡಿ ಇಲ್ಲದೆ, ಇದ್ದ ಮಸಾಲೆಯಲ್ಲೇ. ಇಂದುಬೆನ್ ಎರಡು ಸಲ ಹಾಕಿಸಿಕೊಂಡರು, ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

ವಾಪಸಿನ ಟಿಕೆಟ್ ರದ್ದು ಮಾಡಿಸಿದೆ. ದಿನಕ್ಕೆರಡು ಸಲ ನಾನು, ಕೇತಕಿ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಾಟಲಿ ಬದಲಿಸುತ್ತಿದ್ದೆವು. ನೀರು ಇಪ್ಪತ್ತೈದಕ್ಕೆ ಬರುವವರೆಗೆ ಅಲ್ಲೇ ಕೂರಬೇಕು. ಮೊದಮೊದಲು ಡಿಗ್ರಿಯ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಮೂರನೆಯ ಸಂಜೆ ಅವಳು ನೀರಿನಲ್ಲಿ ಕೈಯಾಡಿಸುತ್ತಾ ಕೇಳಿದಳು.

“ಅತ್ತೆ, ನನ್ನ ಮದ್ವೆ ಟೈಮಲ್ಲಿ ನಿಮ್ಗೆ ರಿಯಲಿ ಮಂಡಿ ನೋವು ಇತ್ತಾ?”

ಆ ಪ್ರಶ್ನೆಗೆ ರಾಮನಗರದಿಂದಲೇ ನಾಲ್ಕೈದು ಉತ್ತರ ಕಟ್ಟಿಕೊಂಡು ಬಂದಿದ್ದೆ. ಅವನ್ನೆಲ್ಲ ಬಿಟ್ಟೆ.

“ಇರ್ಲಿಲ್ಲ,” ಎಂದೆ. “ಎಲ್ಲಾ ನಿಶ್ಚಯ ಆದ್ಮೇಲೆ ನಿಮ್ಮಪ್ಪ ನಂಗೆ ಹೇಳ್ದ. ನನ್ನನ್ನ ಒಂದು ಮಾತು ಕೇಳ್ಲಿಲ್ವಲ್ಲ ಅಂತ ಕೋಪ. ಕೋಪ ಅವನ ಮೇಲೆ, ತೀರಿಸ್ಕೊಂಡಿದ್ದು ನಿನ್ನ ಮೇಲೆ.”

ಅವಳು ತೇಲುತ್ತಿದ್ದ ಬಾಟಲಿಯೊಂದನ್ನು ನೀರಿನೊಳಗೆ ಒತ್ತಿಹಿಡಿದಳು.

“ಪಪ್ಪಾ ಹೇಳೋಣ ಅಂದಿದ್ರು. ನಾನೇ ಬೇಡ ಅಂದೆ. ಅತ್ತೆ ನೋ ಅಂದ್ರೆ ನಂಗೆ ತಡ್ಕೊಳಕ್ಕೆ ಆಗಲ್ಲ ಅಂತ. ಬೇರೆ ಯಾರು ನೋ ಅಂದ್ರೂ ಪರವಾಗಿರ್ಲಿಲ್ಲ.” ಆಮೇಲೆ ಮುಖ ಎತ್ತಿ ಕೇಳಿದಳು, “ನೋ ಅಂತಿದ್ರಾ?”

ಸುಳ್ಳು ಹೇಳಬಹುದಿತ್ತು. “ಅಂತಿದ್ದೆ ಅನ್ಸುತ್ತೆ,” ಎಂದೆ. “ಒಂದು ವಾರ ಅಂತಿದ್ದೆ. ಆಮೇಲೆ ಬಂದು ಎಲ್ಲರಿಗಿಂತ ಮುಂದೆ ನಿಂತ್ಕೊಂಡಿರ್ತಿದ್ದೆ.”

ಅವಳು ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೇ ಆಯಿತು. ಒದ್ದೆ ಕೈಯಲ್ಲೇ ನನ್ನ ಕುತ್ತಿಗೆಗೆ ಜೋತು ಬಿದ್ದಳು. ಹೆಪ್ಪುಗಟ್ಟಿದ ಬಾಟಲಿ ಹಿಡಿದಿದ್ದ ಕೈ, ಬೆನ್ನೆಲ್ಲಾ ಕೊರೆಯಿತು. ನಾನು ಅಲ್ಲಾಡಲಿಲ್ಲ.

ಎಂಟನೆಯ ದಿನ

ಎಂಟನೆಯ ದಿನ ಸಂಜೆ ಭರಣಿ ಬಿಚ್ಚಿದೆವು. ಮೇಲೆ ಕೆನೆಬಣ್ಣದ, ತೆಳುವಾದ, ಎಲ್ಲೂ ಚುಕ್ಕೆಯಿಲ್ಲದ ಹೊಸ ತಾಯಿ ಹುಟ್ಟಿಕೊಂಡಿತ್ತು. ನಾಲ್ಕು ಲೋಟಕ್ಕೆ ಬಗ್ಗಿಸಿದೆ. ಚಿಂತನ್ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದು ಮೈ ಕೊಡವಿದ. ಕೇತಕಿ ನಿಧಾನವಾಗಿ ಕುಡಿದಳು, ಚಾಂದ್‌ಖೇಡಾದ ಟೇಸ್ಟು ಎಂದಳು.

ಇಂದುಬೆನ್ ಲೋಟವನ್ನು ಮೂಸಿದರು. ಅಡುಗೆಮನೆಯಿಂದ ಒಂದು ಸಾಸರ್ ತಂದು, ಬಿಸಿ ಚಹಾ ಆರಿಸುವ ಹಾಗೆ ಅದರಲ್ಲಿ ಬಗ್ಗಿಸಿಕೊಂಡು, ಸುರ್ ಎಂದು ಕುಡಿದರು. ನಾವು ಮೂವರೂ ಅವರ ಮುಖವನ್ನೇ ನೋಡುತ್ತಿದ್ದೆವು. ಸಾಸರನ್ನು ಇನ್ನೊಮ್ಮೆ ತುಂಬಿಸಿಕೊಂಡರು. ಆಮೇಲೆ ಗುಜರಾತಿಯಲ್ಲಿ ಕೇತಕಿಗೆ ಏನೋ ಹೇಳಿದರು. ಕೇತಕಿ ನನ್ನ ಕಡೆ ತಿರುಗಿದಳು.

“ಇದರ ಹೆಸ್ರು ಮಮ್ಮಿ ಬಾಯಿಗೆ ಬರಲ್ವಂತೆ. ನೀವು ಬೇರೆ ಹೆಸ್ರು ಇಡ್ಬೇಕಂತೆ. ಇಲ್ಲಿ ಮನೇಲಿ ಏನು ಹುಟ್ಟಿದ್ರೂ ಹೆಸ್ರು ಇಡೋದು ಫೋಯಿ ಕೆಲ್ಸ, ಬೇರೆ ಯಾರೂ ಇಡೋ ಹಾಗಿಲ್ಲ.”

ಇಂದುಬೆನ್ ನನ್ನನ್ನೇ ನೋಡುತ್ತಾ ತಲೆಯಾಡಿಸಿದರು. ಮದುವೆಯ ಮನೆಯಲ್ಲಿ ನಾನು ಖಾಲಿ ಬಿಟ್ಟಿದ್ದ ಜಾಗಕ್ಕೆ ಆ ಹೆಂಗಸು ನನ್ನನ್ನು ಕೈಹಿಡಿದು ಕೂರಿಸಿದ್ದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದದ್ದು ಒಂದೇ ಪದ.

“ತಂಪು,” ಎಂದೆ.

ಇಂದುಬೆನ್ ಎರಡು ಸಲ ಹೇಳಿ ನೋಡಿ ಒಪ್ಪಿದರು. ಕಾಗದದ ಚೀಟಿಯ ಮೇಲೆ ಗುಜರಾತಿಯಲ್ಲಿ ಬರೆದು, ಅಂಟು ಹಚ್ಚಿ ಭರಣಿಗೆ ಒತ್ತಿದರು. ನನಗೆ ಓದಲು ಬರಲಿಲ್ಲ. ಕೇತಕಿ ಪಕ್ಕಕ್ಕೆ ಬಂದು ಕೂತು ಚೀಟಿಯ ಮೇಲೆ ಬೆರಳಿಟ್ಟಳು.

“ನೋಡಿ ಅತ್ತೆ, ಇದು ತ. ನಮ್ಮ ಸೊನ್ನೆ ಪಕ್ಕದಲ್ಲಿ ಕೂತಿರುತ್ತೆ ಅಲ್ವಾ, ಇವರ ಸೊನ್ನೆ ತಲೆ ಮೇಲೆ. ಇದು ಪ, ಕೆಳಗಡೆ ಬಾಲ. ಈಗ ನೀವು ಓದಿ.”

ನಾನು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಗಟ್ಟಿಯಾಗಿ ಓದಿದೆ.